ಸಹಭಾಗಿ ವಿನ್ಯಾಸ ಕಾರ್ಯಾಗಾರ (ಸಂವಾದಾತ್ಮಕ ಪ್ರತಿಷ್ಠಾಪನೆಗಳು)

ಸಹಭಾಗಿ ವಿನ್ಯಾಸ ಕಾರ್ಯಾಗಾರವು ಒಂದು ವಸ್ತು, ಸೇವೆ ಅಥವಾ ಸ್ಥಳವನ್ನು ಮುಂದೆ ಬಳಸಲಿರುವ ಜನರು, ಅದು ರೂಪುಗೊಳ್ಳುತ್ತಿರುವ ಹಂತದಲ್ಲಿಯೇ ವಿನ್ಯಾಸಕರೊಡನೆ ಸೇರಿ ಕೆಲಸ ಮಾಡುವ ವಿಧಾನವಾಗಿದೆ. ಸಂವಾದಾತ್ಮಕ ಪ್ರತಿಷ್ಠಾಪನೆ ಎಂದರೆ ನೋಡುಗರ ಚಲನೆ, ಸ್ಪರ್ಶ, ಧ್ವನಿ ಅಥವಾ ನೆರಳಿಗೆ ಸ್ಪಂದಿಸಿ ತನ್ನ ಬೆಳಕು, ಚಿತ್ರ, ಶಬ್ದಗಳನ್ನು ಬದಲಿಸಿಕೊಳ್ಳುವ ಕಲಾಕೃತಿ ಅಥವಾ ವಸ್ತುಸಂಗ್ರಹಾಲಯದ ಪ್ರದರ್ಶಿಕೆ. ಇಂತಹ ಕೃತಿಯು ನೋಡುಗರಿಲ್ಲದೆ ಪೂರ್ಣವಾಗುವುದಿಲ್ಲ. ಅದನ್ನು ರಚಿಸಿದವರಿಗೆ ಅದರ ಗುಟ್ಟು ಮೊದಲೇ ತಿಳಿದಿರುವುದರಿಂದ, ಹೊಸಬರು ಅದರ ಮುಂದೆ ಏನು ಮಾಡುವರೆಂದು ಊಹಿಸಲು ಅವರು ಅಸಮರ್ಥರಾಗಿರುತ್ತಾರೆ. ಈ ಕೊರತೆಯನ್ನು ತುಂಬಿಕೊಳ್ಳುವುದೇ ಕಾರ್ಯಾಗಾರದ ಉದ್ದೇಶ.

ಹಿನ್ನೆಲೆ

ಸಹಭಾಗಿ ವಿನ್ಯಾಸದ ಮೂಲವು ಕಲಾಶಾಲೆಗಳಲ್ಲಿಲ್ಲ, ಸ್ಕ್ಯಾಂಡಿನೇವಿಯಾದ ಕಾರ್ಮಿಕ ಸಂಘಗಳಲ್ಲಿದೆ. 1970ರ ದಶಕದ ಆರಂಭದಲ್ಲಿ ನಾರ್ವೆಯ ಗಣಕವಿಜ್ಞಾನಿ ಕ್ರಿಸ್ಟನ್ ನ್ಯೂಗಾರ್ಡ್ ಅವರು ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕೆಲಸ ಮಾಡಿ, ಕಾರ್ಖಾನೆಗೆ ಬರಲಿರುವ ಗಣಕಯಂತ್ರಗಳ ಬಗ್ಗೆ ಕಾರ್ಮಿಕರೂ ಅಭಿಪ್ರಾಯ ಹೇಳುವಂತೆ ಮಾಡಿದರು. 1981ರಿಂದ 1985ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳಲ್ಲಿ ನಡೆದ ‘ಯುಟೋಪಿಯ’ ಯೋಜನೆಯು ಪತ್ರಿಕಾ ಮುದ್ರಣ ಕಾರ್ಮಿಕರೊಡನೆ ಪುಟವಿನ್ಯಾಸದ ಸಲಕರಣೆಗಳನ್ನು ರೂಪಿಸಲು ಯತ್ನಿಸಿತು. ಮೊದಲು ಬಳಸಿದ ಬರಹರೂಪದ ತಾಂತ್ರಿಕ ವಿವರಣೆಗಳು ಕಾರ್ಮಿಕರನ್ನು ತಲುಪಲಿಲ್ಲ. ಆಗ ಪೆಲ್ಲೆ ಎನ್, ಮಾರ್ಟನ್ ಕ್ಯುಂಗ್, ಸುಸಾನ್ ಬೋಡ್ಕರ್ ಮೊದಲಾದವರಿದ್ದ ತಂಡವು ರಟ್ಟು, ಪ್ಲೈವುಡ್ ಮತ್ತು ಸ್ಲೈಡ್ ಪ್ರೊಜೆಕ್ಟರುಗಳಿಂದ ಅಣಕು ಸಲಕರಣೆಗಳನ್ನು ಮಾಡಿ ಮುಂದಿಟ್ಟಿತು. ಖಾಲಿ ರಟ್ಟಿನ ಪೆಟ್ಟಿಗೆಯೊಂದು ಲೇಸರ್ ಮುದ್ರಣಯಂತ್ರದ ಪಾತ್ರ ವಹಿಸಿತು. ಕಾಗದದ ಮೇಲಿನ ವಿವರಣೆಗೆ ಮೌನವಾಗಿದ್ದವರು ಆ ಪೆಟ್ಟಿಗೆಗಳ ಮುಂದೆ ತಮ್ಮ ಕಸುಬಿನ ಚಲನೆಗಳನ್ನೇ ಮಾಡಿ ತೋರಿಸಿದರು.

ಸಂವಾದಾತ್ಮಕ ಕಲೆ ಬೇರೊಂದು ದಾರಿಯಿಂದ ಬಂದಿತು. ಅಮೆರಿಕದ ಮೈರನ್ ಕ್ರೂಗರ್ ಅವರು 1970ರ ದಶಕದಲ್ಲಿ ರೂಪಿಸಿದ ‘ವಿಡಿಯೋಪ್ಲೇಸ್’ನಲ್ಲಿ ನೋಡುಗರ ಛಾಯಾಕೃತಿಯನ್ನು ಕ್ಯಾಮೆರಾ ಹಿಡಿದು ಪರದೆಯ ಮೇಲೆ ಆಟಕ್ಕೆ ಬಿಡುತ್ತಿತ್ತು. ಫ್ರಾಂಕ್ ಒಪನ್‌ಹೈಮರ್ 1969ರಲ್ಲಿ ಸ್ಥಾಪಿಸಿದ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ವಿಜ್ಞಾನ ಸಂಗ್ರಹಾಲಯವು ಪ್ರದರ್ಶಿಕೆಗಳನ್ನು ತಯಾರಿಸುವ ಕಮ್ಮಟವನ್ನೇ ಜನರ ಕಣ್ಣಿಗೆ ಬೀಳುವಂತೆ ಇರಿಸಿತು. ಅರೆಬರೆ ಸಿದ್ಧವಾದ ಪ್ರದರ್ಶಿಕೆಯನ್ನು ಸಂದರ್ಶಕರ ನಡುವೆ ಇಟ್ಟು ತಿದ್ದುವ ಪದ್ಧತಿ ಅಲ್ಲಿ ಬೇರೂರಿತು.

ಮಾದರಿ ಎಷ್ಟು ಒರಟಾಗಿರಬೇಕು

ಕಾರ್ಯಾಗಾರದ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುವುದು ಅದು ನಡೆಯುವ ಕಾಲ. ಪರದೆ ಕೊಂಡಾಗಿದೆ, ಗೋಡೆ ಕಟ್ಟಾಗಿದೆ, ಉದ್ಘಾಟನೆಗೆ ವಾರವಷ್ಟೇ ಉಳಿದಿದೆ ಎನ್ನುವಾಗ ಕೇಳುವ ಅಭಿಪ್ರಾಯವು ಬಣ್ಣ ಮತ್ತು ಫಲಕದ ಅಕ್ಷರಗಳ ಆಚೆಗೆ ಏನನ್ನೂ ಬದಲಿಸಲಾರದು. ಆದ್ದರಿಂದ ಮೊದಲ ಕಾರ್ಯಾಗಾರವನ್ನು ರಟ್ಟಿನ ಮಾದರಿಯೊಡನೆ ನಡೆಸುವುದುಂಟು. ನಯವಾಗಿ ಮುಗಿದ ವಸ್ತುವಿನ ಮುಂದೆ ಜನ ಸೌಜನ್ಯದಿಂದ ಹೊಗಳುತ್ತಾರೆ. ಅಂಟುಪಟ್ಟಿ ಕಾಣುವ ಮಾದರಿಯನ್ನು ಮುರಿದು ಬೇರೆ ರೀತಿಯಲ್ಲಿ ಜೋಡಿಸಲು ಅವರಿಗೆ ಸಂಕೋಚವಿರುವುದಿಲ್ಲ.

ಸಂವೇದಕಗಳೂ ತಂತ್ರಾಂಶವೂ ಸಿದ್ಧವಿಲ್ಲದಿದ್ದರೆ ‘ವಿಝರ್ಡ್ ಆಫ್ ಆಝ್’ ಎಂಬ ವಿಧಾನವನ್ನು ಅನುಸರಿಸಲಾಗುತ್ತದೆ. ಪರದೆಯ ಹಿಂದೆ ಅಡಗಿ ಕುಳಿತ ವ್ಯಕ್ತಿಯೊಬ್ಬ ಭಾಗವಹಿಸುವವರ ಚಲನೆಯನ್ನು ನೋಡಿ ದೀಪ ಅಥವಾ ಶಬ್ದವನ್ನು ಕೈಯಿಂದಲೇ ನಿಯಂತ್ರಿಸುತ್ತಾನೆ. ಇದರಿಂದ ಒಂದು ಸಾಲು ಆದೇಶ ಬರೆಯುವ ಮೊದಲೇ, ಜನ ಕೈ ಬೀಸುವರೋ, ಚಪ್ಪಾಳೆ ತಟ್ಟುವರೋ, ಸುಮ್ಮನೆ ನಿಲ್ಲುವರೋ ಎಂಬುದು ತಿಳಿಯುತ್ತದೆ. ಈ ಗುಟ್ಟನ್ನು ಕಾರ್ಯಾಗಾರದ ಕೊನೆಗೆ ಎಲ್ಲರಿಗೂ ತಿಳಿಸುವುದು ಕಡ್ಡಾಯ.

ನಡಾವಳಿ

ಕರೆಯಬೇಕಾದವರು ಕಲಾಪ್ರೇಮಿಗಳು ಮಾತ್ರವಲ್ಲ. ಗಾಲಿಕುರ್ಚಿ ಬಳಸುವವರು, ದೃಷ್ಟಿದೋಷವುಳ್ಳವರು, ಹಿರಿಯರು ಹಾಗೂ ಮುಂದೆ ಪ್ರತಿದಿನ ಕೃತಿಯನ್ನು ಚಾಲೂ ಮಾಡಿ ಒರೆಸಿಡುವ ಸಿಬ್ಬಂದಿಯೂ ಇರಬೇಕು. ಈ ಕೊನೆಯ ಗುಂಪು ಬಹುತೇಕ ಮರೆತುಹೋಗುತ್ತದೆ. ಯಾವ ಗುಂಡಿಯನ್ನು ಮಕ್ಕಳು ಕಿತ್ತುಹಾಕುವರೆಂಬುದು ಅವರಿಗಷ್ಟೇ ಗೊತ್ತಿರುತ್ತದೆ.

ಮೊದಲ ಸುತ್ತಿನಲ್ಲಿ ಯಾವ ವಿವರಣೆಯನ್ನೂ ನೀಡುವುದಿಲ್ಲ. ಭಾಗವಹಿಸುವವರು ಒಬ್ಬೊಬ್ಬರಾಗಿ, ಅನಂತರ ಇಬ್ಬಿಬ್ಬರಾಗಿ ಕೃತಿಯನ್ನು ಎದುರಾಗುತ್ತಾರೆ. ಒಮ್ಮೆ ವಿವರಿಸಿಬಿಟ್ಟರೆ, ಕೃತಿ ತಾನಾಗಿಯೇ ಅರ್ಥವಾಗುವುದೇ ಎಂಬ ಪ್ರಶ್ನೆಗೆ ಅದೇ ಜನರಿಂದ ಮತ್ತೆ ಉತ್ತರ ಪಡೆಯಲಾಗದು. ಜನ ಎಷ್ಟು ದೂರದಲ್ಲಿ ನಿಲ್ಲುತ್ತಾರೆ, ಮೊದಲು ಯಾವ ಚಲನೆ ಮಾಡುತ್ತಾರೆ, ಸರದಿ ಕಾಯುವವರು ಏನು ಮಾಡುತ್ತಾರೆ ಎಂಬುದನ್ನು ವೀಕ್ಷಕರು ಮೌನವಾಗಿ ಬರೆದುಕೊಳ್ಳುತ್ತಾರೆ. ಕೃತಿಯ ಸ್ಪಂದನ ತಡವಾದರೆ ನೋಡುಗರು ಅದು ಕೆಟ್ಟಿದೆಯೆಂದು ಭಾವಿಸಿ ಹೊರಟುಹೋಗಬಹುದು, ಇಲ್ಲವೇ ಗುಂಡಿಯನ್ನು ಇನ್ನಷ್ಟು ಬಲವಾಗಿ ಒತ್ತಬಹುದು.

ಎರಡನೆಯ ಸುತ್ತು ಮಾತುಕತೆಯದು. ‘ಇಷ್ಟವಾಯಿತೇ?’ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಈಗ ಏನಾಯಿತು? ಹಾಗೇಕೆ ಆಗಿರಬಹುದು?’ ಎಂದು ಕೇಳಿದಾಗ ಜನ ಕೃತಿಯನ್ನು ಹೇಗೆ ಅರ್ಥಮಾಡಿಕೊಂಡರೆಂಬುದು ಹೊರಬರುತ್ತದೆ. ಕೃತಿಯನ್ನು ರಚಿಸಿದವರೇ ಪ್ರಶ್ನೆ ಕೇಳಿದರೆ ಸೌಜನ್ಯ ಇನ್ನೂ ಹೆಚ್ಚುವುದರಿಂದ, ಈ ಹಂತವನ್ನು ಬೇರೊಬ್ಬ ಸುಗಮಕಾರರು ನಡೆಸುವುದು ಒಳಿತು. ಬೆಂಗಳೂರಿನಂತಹ ಬಹುಭಾಷಾ ನಗರದಲ್ಲಿ ಇಂಗ್ಲಿಷಿನಲ್ಲಿ ಚೀಟಿ ಬರೆಯಿರಿ ಎಂದ ಕೂಡಲೇ ಅರ್ಧ ಕೋಣೆ ಮೌನವಾಗಬಹುದು. ಮಾತಿನಲ್ಲಿ ಹೇಳಿದ್ದನ್ನು ಸಹಾಯಕರು ಹೇಳಿದವರ ಭಾಷೆಯಲ್ಲಿಯೇ ಬರೆದುಕೊಳ್ಳುವುದು ಇದಕ್ಕೆ ಸರಳ ಪರಿಹಾರ.

ಮೂರನೆಯ ಸುತ್ತಿನಲ್ಲಿ ವಿನ್ಯಾಸಕರೂ ಸೇರಿ ಎಲ್ಲರೂ ಮಾದರಿಯನ್ನು ಕತ್ತರಿಸಿ, ಅಂಟಿಸಿ, ಜಾಗ ಬದಲಿಸುತ್ತಾರೆ. ಈ ಸುತ್ತು ಇಲ್ಲದ ಕಾರ್ಯಾಗಾರವು ಅಭಿಪ್ರಾಯ ಸಂಗ್ರಹವಾಗುತ್ತದೆಯೇ ಹೊರತು ಸಹಭಾಗಿ ವಿನ್ಯಾಸವಾಗುವುದಿಲ್ಲ.

ಮಕ್ಕಳೊಡನೆ

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಲಿಸನ್ ಡ್ರೂಯಿನ್ ಅವರು ಮಕ್ಕಳನ್ನು ಕೇವಲ ಪರೀಕ್ಷಕರೆಂದಲ್ಲದೆ ವಿನ್ಯಾಸದ ಪಾಲುದಾರರೆಂದು ಪರಿಗಣಿಸಿದರು. ಇಷ್ಟವಾದದ್ದು, ಇಷ್ಟವಾಗದ್ದು, ಹೊಸ ಕಲ್ಪನೆ ಇವುಗಳನ್ನು ಬೇರೆ ಬೇರೆ ಅಂಟುಚೀಟಿಗಳಲ್ಲಿ ಬರೆದು ಗೋಡೆಯ ಮೇಲೆ ಗುಂಪುಗೂಡಿಸುವ ಕ್ರಮವು ಅವರ ತಂಡದ ಕೆಲಸದಿಂದ ಬಹುವಾಗಿ ಹರಡಿತು. ಬ್ರಿಟನ್ನಿನ ಜಾನೆಟ್ ರೀಡ್ ಮತ್ತು ಸಂಗಡಿಗರು ಐದು ಮುಖಚಿತ್ರಗಳಿರುವ ‘ಸ್ಮೈಲಿಯೋಮೀಟರ್’ ಅನ್ನು ರೂಪಿಸಿದರು. ಚಿಕ್ಕ ಮಕ್ಕಳು ಇದರಲ್ಲಿ ಅತ್ಯಂತ ನಗುಮುಖವನ್ನೇ ಆರಿಸುವ ಪ್ರವೃತ್ತಿ ಕಂಡುಬಂದಿದೆ. ‘ಇದನ್ನು ಮತ್ತೊಮ್ಮೆ ಆಡುವೆಯಾ?’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ವಿಡಿಯೊ ಚಿತ್ರೀಕರಣವಿದ್ದಲ್ಲಿ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಅಗತ್ಯ.

ವಿಶ್ಲೇಷಣೆ

ಟಿಪ್ಪಣಿಗಳನ್ನು ಮಾಡಿದ್ದು, ಹೇಳಿದ್ದು, ಸೂಚಿಸಿದ್ದು ಎಂದು ವಿಂಗಡಿಸಿದರೆ ಅವುಗಳ ನಡುವಿನ ವಿರೋಧ ಎದ್ದು ಕಾಣುತ್ತದೆ. ‘ಬಹಳ ಚೆನ್ನಾಗಿದೆ’ ಎಂದವರು ಕೆಲವೇ ಕ್ಷಣಗಳಲ್ಲಿ ಬೆನ್ನು ತಿರುಗಿಸಿದ್ದರೆ ಅವರ ಬೆನ್ನನ್ನು ನಂಬುವುದೇ ಲೇಸು. ಸಲಹೆಯನ್ನು ಅಕ್ಷರಶಃ ಪಾಲಿಸಬೇಕಾಗಿಲ್ಲ. ಅದರ ಹಿಂದಿನ ತೊಡಕನ್ನು ಹುಡುಕಬೇಕು. ‘ದೊಡ್ಡ ಸೂಚನಾಫಲಕ ಹಾಕಿ’ ಎಂಬ ಸಲಹೆಯ ಅರ್ಥ, ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ ಎಂದಿರಬಹುದು. ನೆಲದ ಮೇಲೆ ಬಿಡಿಸಿದ ಎರಡು ಹೆಜ್ಜೆಗುರುತುಗಳು ಫಲಕಕ್ಕಿಂತ ಚೆನ್ನಾಗಿ ಆ ಕೆಲಸ ಮಾಡಬಲ್ಲವು.

ಮಿತಿಗಳು ಮತ್ತು ಟೀಕೆ

ಕಾರ್ಯಾಗಾರಕ್ಕೆ ಬಂದವರು ಆಹ್ವಾನಿತರು. ಕೃತಿಯ ನಿಜವಾದ ನೋಡುಗರು ದಾರಿಹೋಕರು. ಹ್ಯಾರಿ ಬ್ರಿಗ್ನಲ್ ಮತ್ತು ಯುವಾನ್ ರಾಜರ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಸಾರ್ವಜನಿಕ ಪರದೆಯ ಬಳಿ ಒಂದಷ್ಟು ಜನ ಸೇರಿದರೆ ಉಳಿದವರೂ ಆಕರ್ಷಿತರಾಗುವುದನ್ನೂ, ಇತರರೆದುರು ಮುಜುಗರವಾಗುವ ಭಯ ಜನರನ್ನು ಹಿಂಜರಿಸುವುದನ್ನೂ ಗುರುತಿಸಿತು. ಮುಚ್ಚಿದ ಕೋಣೆಯಲ್ಲಿ ಇವೆರಡೂ ಕಾಣುವುದಿಲ್ಲ. ಬೆಳಕಿನ ವಿಷಯವೂ ಹಾಗೆಯೇ. 2010ರಲ್ಲಿ ಬಂದ ಮೊದಲ ಕಿನೆಕ್ಟ್‌ನಂತಹ ಅವಗೆಂಪು ಸಂವೇದಕಗಳು ಕೋಣೆಯೊಳಗೆ ಸರಿಯಾಗಿದ್ದು, ನೇರ ಬಿಸಿಲಿನಲ್ಲಿ ಸೋಲುತ್ತವೆ.

ಇನ್ನೂ ಗಂಭೀರವಾದ ಟೀಕೆಯೆಂದರೆ ಸಹಭಾಗಿತ್ವವು ಶಾಸ್ತ್ರಕ್ಕಷ್ಟೇ ನಡೆಯುವುದು. ಶೆರಿ ಆರ್ನ್‌ಸ್ಟೀನ್ ಅವರು 1969ರಲ್ಲಿ ಮಂಡಿಸಿದ ನಾಗರಿಕ ಸಹಭಾಗಿತ್ವದ ಎಂಟು ಮೆಟ್ಟಿಲುಗಳ ಏಣಿಯಲ್ಲಿ, ನಿರ್ಣಯದ ಅಧಿಕಾರ ನೀಡದೆ ಬರಿಯ ಅಭಿಪ್ರಾಯ ಕೇಳುವುದು ತೋರಿಕೆಯ ಸಹಭಾಗಿತ್ವದ ಸಾಲಿಗೆ ಸೇರುತ್ತದೆ. ಕೃತಿಯ ಕರ್ತೃತ್ವವನ್ನು ಬಿಟ್ಟುಕೊಡಲು ಕಲಾವಿದರು ಒಪ್ಪದಿರಬಹುದು, ಅದು ಅವರ ಹಕ್ಕು. ಆದರೆ ಯಾವುದು ಬದಲಾಗಬಲ್ಲದು, ಯಾವುದು ಬದಲಾಗದು ಎಂಬುದನ್ನು ಕಾರ್ಯಾಗಾರದ ಆರಂಭದಲ್ಲಿಯೇ ಹೇಳಬೇಕಾಗುತ್ತದೆ. ಯಾವ ಸಲಹೆ ಅಳವಟ್ಟಿತು, ಯಾವುದು ಏಕೆ ಕೈಬಿಟ್ಟುಹೋಯಿತು ಎಂಬ ವಿವರವನ್ನು ಭಾಗವಹಿಸಿದವರಿಗೆ ಉದ್ಘಾಟನೆಗೆ ಮುನ್ನವೇ ತಲುಪಿಸುವುದೂ, ದಿನಗೂಲಿ ಬಿಟ್ಟು ಬಂದವರಿಗೆ ಅವರ ಸಮಯದ ಸಂಭಾವನೆ ನೀಡುವುದೂ ಆಯೋಜಕರ ಹೊಣೆಯಾಗಿದೆ.