ಸೂರು ದೊರೆತ ಮೇಲೆ ಜೊತೆ ಯಾರು?

ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಮೇಜುಗಳನ್ನು ಸರಿಸಿ ಚಾಪೆ ಹಾಸಿಕೊಳ್ಳುವವನಿಗೆ ತಲೆಯ ಮೇಲಿನ ಸೂರು ಎಷ್ಟು ಮುಖ್ಯವೋ, ಪಕ್ಕದ ಚಾಪೆಯವನು ಎಂಥವನೆಂಬುದೂ ಅಷ್ಟೇ ಮುಖ್ಯ. ಜ್ವರ ಬಂದ ರಾತ್ರಿ ಗಂಜಿ ಕಾಸಿಕೊಡಬೇಕಾದವನು ಅವನೇ.

ವರುಷಗಟ್ಟಲೆ ಬೀದಿಯಲ್ಲಿ ಬಾಳಿದವರಿಗೆ, ಅದರಲ್ಲಿಯೂ ಮನೋರೋಗದಿಂದ ಬಂಧುಗಳಿಗೆ ಎರವಾದವರಿಗೆ, ಮನೆ ಕೊಡುವ ಯೋಜನೆಗಳು ಈ ಪಕ್ಕದ ಚಾಪೆಯನ್ನು ಬಹುಕಾಲ ಮರೆತಿದ್ದವು. ನ್ಯೂಯಾರ್ಕಿನಲ್ಲಿ 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ತ್ಸೆಂಬೆರಿಸ್ ಎಂಬವರು ಹೊಸ ಕ್ರಮವೊಂದನ್ನು ಆರಂಭಿಸಿದರು: ಚಿಕಿತ್ಸೆಯ ಷರತ್ತಿಲ್ಲದೆ ಮೊದಲು ಮನೆ, ಉಳಿದುದೆಲ್ಲ ಆಮೇಲೆ. ಕೆನಡಾ ದೇಶವು 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಮಿಕ್ಕ ಜನರ ನಡುವೆ, ಇದನ್ನು ಪರೀಕ್ಷಿಸಿತು. ಮನೆ ದೊರೆತವರಲ್ಲಿ ಬಹುಪಾಲು ಮಂದಿ ಮನೆಯನ್ನು ಉಳಿಸಿಕೊಂಡರು. ಆದರೆ ನೆರೆಹೊರೆಯ ಬಳಕೆ ಅಷ್ಟರಮಟ್ಟಿಗೆ ಬೆಳೆಯಲಿಲ್ಲ.

ಇದರ ಹಿಂದೆ ಒಂದು ಇಕ್ಕಟ್ಟೂ ಉಂಟು. ಬೀದಿಯಲ್ಲಿ ಬಾಳಿದವನಿಗೆ ಸ್ನೇಹಿತರೇ ಇಲ್ಲವೆಂದು ತಿಳಿಯುವುದು ತಪ್ಪು. ಚಳಿಯಲ್ಲಿ ಹೊದಿಕೆ ಹಂಚಿಕೊಂಡವರು, ಗಂಟುಮೂಟೆ ಕಾದುಕೊಟ್ಟವರು ಇದ್ದೇ ಇರುತ್ತಾರೆ. ಒಬ್ಬನಿಗೆ ಕೋಣೆ ಸಿಕ್ಕಿತೆಂದರೆ ಉಳಿದವರೂ ಬಾಗಿಲು ತಟ್ಟುತ್ತಾರೆ. ಒಳಗೆ ಕರೆದರೆ ಗದ್ದಲವೆಂದು ಮನೆಯೇ ಕೈತಪ್ಪಬಹುದು. ಕರೆಯದಿದ್ದರೆ ಇದ್ದ ನಾಲ್ವರು ಸ್ನೇಹಿತರೂ ಹೋದರು! ಮುಂಬಯಿಯಲ್ಲಿ ಒಬ್ಬ ರೂಮು ಹಿಡಿದನೆಂಬ ಸುದ್ದಿ ಊರು ಮುಟ್ಟಿದ ಮೇಲೆ ಏನಾಗುವುದೆಂದು ಬಲ್ಲ ನಮ್ಮ ಓದುಗರು ಈ ಸಂಕಟವನ್ನು ಸುಲಭವಾಗಿ ಅರಿಯಬಲ್ಲರು.

ಚೆನ್ನೈಯಲ್ಲಿ ನಡೆದಿರುವ ಪ್ರಯತ್ನ ಬೇರೆ ಬಗೆಯದು. ಬೀದಿಪಾಲಾದ ಮನೋರೋಗಿ ಸ್ತ್ರೀಯರಿಗಾಗಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಸ್ಥಾಪಿಸಿದ 'ದಿ ಬನಿಯನ್' ಸಂಸ್ಥೆ, 2015ರಲ್ಲಿ 'ಹೋಮ್ ಅಗೇನ್' ಎಂಬ ಯೋಜನೆಯನ್ನು ಆರಂಭಿಸಿತು. ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆಯಲ್ಲಿ ನಾಲ್ಕೈದು ಮಂದಿ ಒಂದು ಕುಟುಂಬದಂತೆ ಬಾಳುವುದು ಇದರ ಬಗೆ. ಯಾರೊಡನೆ ಇರಬೇಕೆಂಬ ಆಯ್ಕೆ ಅವರದೇ. ಅಡಿಗೆ, ಕಸಗುಡಿಸುವಿಕೆ, ಅಂಗಡಿಯ ವ್ಯವಹಾರ, ಕೆಲವರಿಗೆ ದುಡಿಮೆ, ಇವುಗಳ ನಡುವೆ ಸಂಬಂಧ ಬೆಳೆಯಬೇಕು. ನೆರವಿಗೆ ಒಬ್ಬ ಸಹಾಯಕಿ ಇರುತ್ತಾಳೆ. ಸಂಬಳಕ್ಕೆ ಬಂದವಳು ಬಂಧುವಾದಾಳೇ ಎಂದು ಕೇಳಬಹುದು. ಯಜಮಾನರ ಮಕ್ಕಳನ್ನು ಎತ್ತಿ ಆಡಿಸಿದ ಹೋಟೆಲ್ ಮಾಣಿಗಳನ್ನು ಕಂಡ ನಾವು ಆಗದೆಂದು ಹೇಳಲಾರೆವು. ಆದರೂ ಆ ಪ್ರಶ್ನೆ ನಿಜವಾದುದೇ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗದರ್ಶಿಯಲ್ಲಿ ಈ ಯೋಜನೆಯನ್ನು ಒಳ್ಳೆಯ ನಿದರ್ಶನಗಳ ಸಾಲಿನಲ್ಲಿ ಸೇರಿಸಿತು.

ಆಯ್ದುಕೊಂಡ ಜೊತೆಯಲ್ಲಿ ಜಗಳವಿರುವುದಿಲ್ಲವೆಂದಲ್ಲ. ಒಲೆಯೊಂದು, ಕೈ ಐದು ಎಂದಾದಲ್ಲಿ ಮಾತು ಬೆಳೆಯದೆ ಇದ್ದೀತೆ? ಆಸ್ಪತ್ರೆಯ ಸಾಲುಮಂಚದಲ್ಲಿ ಜಗಳವಾಡುವುದಕ್ಕೂ, ತನ್ನ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುನಿಯುವುದಕ್ಕೂ ಬಹಳ ಅಂತರವಿದೆ.

ಬಂಧುಗಳಿಲ್ಲವೆಂಬ ಅಥವಾ ಮನೆಯಿಲ್ಲವೆಂಬ ಕಾರಣಮಾತ್ರದಿಂದ ಯಾರನ್ನೂ ಮಾನಸಿಕ ಚಿಕಿತ್ಸಾಲಯದಲ್ಲಿ ಇರಿಸಿಕೊಳ್ಳಕೂಡದೆಂದು 2017ರ ಮಾನಸಿಕ ಆರೋಗ್ಯ ಕಾನೂನಿನ 19ನೆಯ ಕಲಮು ವಿಧಿಸುತ್ತದೆ. ಕಾನೂನು ಬಾಗಿಲನ್ನು ತೆರೆದಿದೆ. ಇನ್ನು ಮನೆಯ ಮಾಲಿಕನ ಬಾಗಿಲು. ಮದುವೆಯಾಗದವರಿಗೆ ರೂಮು ಕೊಡುವುದಿಲ್ಲವೆಂಬ ಮಾತನ್ನು ಕೇಳಿ ಹಿಂತಿರುಗಿದ ಗುಮಾಸ್ತರು ನಮ್ಮಲ್ಲಿ ಎಷ್ಟಿಲ್ಲ! ರಕ್ತಸಂಬಂಧವಿಲ್ಲದ ಐವರು ಹೆಂಗಸರು ಅದೇ ಮೆಟ್ಟಿಲನ್ನು ಹತ್ತಿ ಬಂದು, ನಾವು ಒಂದು ಮನೆಯವರು ಎನ್ನಬೇಕಾಗಿದೆ.