ಬೇಟೆ ಬಿಟ್ಟ ಕೋವಿಗೆ ಹೂವಿನ ಸಿಂಗಾರ

ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಮನೆಗಳಲ್ಲಿ ಕೋವಿಗಳು ದೇವರ ದೀಪದ ಮುಂದೆ ಬಂದು ಕೂರುತ್ತವೆ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್ (ಕೋವಿ), ಒಡಿಕತ್ತಿ, ಪೀಚೆಕತ್ತಿಗಳನ್ನು ಉಜ್ಜಿ, ಗಂಧದ ಬೊಟ್ಟಿಟ್ಟು, ಬೆಂಕಿ ಬಣ್ಣದ ಹೂವಾದ ತೋಕ್‌ಪೂ ಸಿಕ್ಕಿಸುತ್ತಾರೆ. ನೇಗಿಲು, ನೊಗಕ್ಕೂ ಪೂಜೆ ಉಂಟು. ಆ ಸಾಲಿನಲ್ಲಿ ಹೊಸ ಬಂದೂಕು ಇದ್ದರೂ ಕಣ್ಣು ಹೋಗುವುದು ಅಜ್ಜನ ಕಾಲದ ಕೇಪಿನ ಕೋವಿಯ ಕಡೆಗೇ.

ಹಾಗೆ ನೋಡಿದರೆ ಅದು ಬಲು ತಾಪತ್ರಯದ ಸಾಮಾನು. ನಳಿಗೆಯ ಬಾಯಿಂದ ಅಳತೆ ನೋಡಿ ಮದ್ದು ಸುರಿಯಬೇಕು, ನಾರು ತುರುಕಿ ಉದ್ದ ಕಂಬಿಯಿಂದ ಗುದ್ದಬೇಕು, ಚರೆ ಹಾಕಿ ಮತ್ತೆ ಗುದ್ದಬೇಕು, ಕೊನೆಗೆ ಹಿಂದೆ ಕೇಪು ಕೂರಿಸಬೇಕು. ಇಷ್ಟು ಮಾಡಿದರೆ ಒಂದು ಈಡು. ಗುರಿ ತಪ್ಪಿತೋ, ಎಲ್ಲ ಮೊದಲಿನಿಂದ. ಮದ್ದು ಥಂಡಿ ಹಿಡಿದಿದ್ದರೆ ಆ ಒಂದೂ ಇಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಪೂರ್ತಿ ಉರಿದುಹೋಗುವುದಿಲ್ಲ; ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುವುದರಿಂದ, ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ತೊಳೆದು, ಒರೆಸಿ, ಎಣ್ಣೆ ಸವರಬೇಕು.

ಈ ಕೇಪೂ ಒಂದು ಕಾಲಕ್ಕೆ ಹೊಸ ಯುಗದ ಸಾಧನವೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಕೋವಿಯಲ್ಲಿ ಗುಂಡು ಹೊರಡುವ ಮೊದಲೇ ಬೆಂಕಿ ಮಿಂಚುತ್ತಿತ್ತು, ಹಕ್ಕಿಗಳು ಹಾರಿಬಿಡುತ್ತಿದ್ದವು. ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕ ಬಳಸಿ ಅವನು 1807ರಲ್ಲಿ ಪೇಟೆಂಟ್ ಪಡೆದ. ಅದೇ ಉಪಾಯ ಮುಂದೆ ತಾಮ್ರದ ಪುಟ್ಟ ಕೇಪಾಯಿತು. ಕೋವಿಯ ಚರಿತ್ರೆ ತಿರುಗಿದ್ದು ಯುದ್ಧಭೂಮಿಯಲ್ಲಲ್ಲ, ಬಾತುಕೋಳಿ ತಪ್ಪಿಸಿಕೊಂಡ ಪಾದ್ರಿಯೊಬ್ಬನ ಸಿಟ್ಟಿನಲ್ಲಿ ಎಂದರೂ ತಪ್ಪಿಲ್ಲ!

ಇಷ್ಟು ಕಾಟ ಕೊಡುವ ವಸ್ತುವಿನ ಮೇಲೆ ಇಷ್ಟೇಕೆ ಮೋಹ? ಹಳೆಯದೆಂಬ ಅಕ್ಕರೆ ಒಂದು ಕಾರಣ, ಆದರೆ ಅದು ಚಿಕ್ಕದು. ಕೇಪಿನ ಕೋವಿಯಲ್ಲಿ ಮುಚ್ಚಿಟ್ಟದ್ದು ಹೆಚ್ಚೇನಿಲ್ಲ. ಕುದುರೆ ಯಾವುದು, ಅದು ಎಲ್ಲಿ ಬಡಿಯುತ್ತದೆ, ಬೆಂಕಿ ಯಾವ ದಾರಿಯಲ್ಲಿ ಮದ್ದಿಗೆ ಇಳಿಯುತ್ತದೆ ಎಂಬುದು ಕೈಗೂ ಕಣ್ಣಿಗೂ ಗೊತ್ತಾಗುತ್ತದೆ. ಇರುವುದೊಂದೇ ಈಡಾದ್ದರಿಂದ ಕಾಯುವುದು, ಹತ್ತಿರ ಸರಿಯುವುದು, ಹೊಡೆಯದೆ ಬಿಡುವುದು ಎಲ್ಲವೂ ಅದರ ವಿದ್ಯೆಯೊಳಗೇ ಸೇರಿದ್ದವು.

ಬೇಟೆ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆ ಪರವಾನಗಿಗಳನ್ನೂ ತೆಗೆದುಹಾಕಿತು. ಹುಲಿ ಕೊಂದವನಿಗೆ ಸತ್ತ ಹುಲಿಯ ಪಕ್ಕದಲ್ಲೇ ಮದುವೆಯ ಗೌರವ ಸಲ್ಲಿಸುತ್ತಿದ್ದ ನರಿಮಂಗಲವೂ ಹಿಂದಿನ ಮಾತು. ಹೀಗಿದ್ದೂ ಕೋವಿ ಅಟ್ಟ ಸೇರಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಗದ್ದೆ ತೋಟಗಳ ನಡುವೆ ದೂರದೂರ ಇರುವ ಮನೆಗಳಿಗೆ ಸುದ್ದಿ ಮುಟ್ಟಿಸಲು ಇದಕ್ಕಿಂತ ಬೇಗದ ದಾರಿ ಇರಲಿಲ್ಲ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು ಕೇಳಬೇಕು. ಒಡಿಕತ್ತಿಯೂ ಹಾಗೆಯೇ ಕೆಲಸ ಬದಲಿಸಿಕೊಂಡಿದೆ: ಮದುವೆಮನೆಯಲ್ಲಿ ನೆಟ್ಟ ಬಾಳೆದಿಂಡುಗಳನ್ನು ಒಂದೇ ಏಟಿಗೆ ಕಡಿಯಲು ಅದೇ ಬೇಕು.

ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಸಿಕ್ಕಿರುವ ವಿನಾಯಿತಿಗೆ ಬ್ರಿಟಿಷರ ಕಾಲದ ಬೇರಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನೇ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕಡಂಬುಟ್ಟು, ಪಂದಿಕರಿ ಊಟ ಮುಗಿಸಿದ ಊರವರು ಊರ ಬಯಲಾದ ಮಂದ್‌ನಲ್ಲಿ ಸೇರಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಈಗೀಗ ಆ ಸಾಲಿನಲ್ಲಿ ಹೆಂಗಸರೂ ನಿಲ್ಲುತ್ತಾರೆ.