ಕೈಯಿಂದ ಕೈಗೆ ಪತ್ತೇದಾರಿ

ಪರಹಸ್ತಕ್ಕೆ ಹೋದ ಪುಸ್ತಕ ಹೋದಂತೆಯೇ ಸರಿ ಎಂಬುದು ನಮ್ಮ ಹಿರಿಯರು ಕೊಟ್ಟ ಎಚ್ಚರಿಕೆ. ನಿಘಂಟಿನ ವಿಷಯದಲ್ಲಿ, ಟೀಕೆಯಿರುವ ಹಳೆಯ ಕಾವ್ಯದ ವಿಷಯದಲ್ಲಿ ಈ ಮಾತನ್ನು ಒಪ್ಪಬೇಕಾದದ್ದೇ; ನಾನೂ ಕಳೆದುಕೊಂಡು ಕಲಿತಿದ್ದೇನೆ. ಆದರೆ ಪತ್ತೇದಾರಿ ಕಾದಂಬರಿಗೆ ಇದು ಹೊಂದುವುದಿಲ್ಲ. ಕೊಲೆ ಮಾಡಿದವನು ಯಾರೆಂದು ತಿಳಿದ ಗಳಿಗೆಯಲ್ಲೇ ಒಡೆಯನ ಪಾಲಿಗೆ ಅದು ಅರ್ಧ ಸತ್ತ ಪುಸ್ತಕ. ಅದಕ್ಕೆ ಮತ್ತೆ ಜೀವ ಬರಬೇಕಾದರೆ ಇನ್ನೂ ಏನನ್ನೂ ಅರಿಯದ ಮತ್ತೊಬ್ಬನ ಕೈ ಸೇರಬೇಕು. ಆ ಮತ್ತೊಬ್ಬ ಅಪರಿಚಿತನಾದರೆ ಇನ್ನೂ ಒಳ್ಳೆಯದು. ಮಿತ್ರನಾದರೆ, ಅವನು ಓದುತ್ತಿರುವಾಗ ಎದುರಿಗೆ ಕುಳಿತ ನಮ್ಮ ಮುಖವೇ ಗುಟ್ಟನ್ನು ಬಿಟ್ಟುಕೊಟ್ಟೀತು.

ಹೀಗೆ ಮಮತೆಯಿಲ್ಲದೆ ಕೈಬಿಡಲು ಪುಸ್ತಕ ಅಗ್ಗವಾಗಿಯೂ ಇರಬೇಕು. ಇಂಗ್ಲೆಂಡಿನಲ್ಲಿ ಅಲೆನ್ ಲೇನ್ 1935ರಲ್ಲಿ ಹೊರತಂದ ಪೆಂಗ್ವಿನ್ ಮಾಲೆಯ ಮೊದಲ ಹತ್ತು ಪುಸ್ತಕಗಳ ಬೆಲೆ ತಲಾ ಆರು ಪೆನ್ಸ್. ಅಗಾಥಾ ಕ್ರಿಸ್ಟಿಯವರನ್ನು ಕಂಡು ಹಿಂದಿರುಗುವಾಗ ಎಕ್ಸೆಟರ್ ರೈಲು ನಿಲ್ದಾಣದಲ್ಲಿ ಓದಲು ಏನೂ ಸಿಕ್ಕದೆ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಆ ಹತ್ತರಲ್ಲಿ ಕ್ರಿಸ್ಟಿಯವರದೊಂದು, ಡೊರೊತಿ ಸೇಯರ್ಸ್ ಅವರದೊಂದು ಪತ್ತೇದಾರಿ ಕಥೆ ಇದ್ದವು.

ಈ ಹಸ್ತಾಂತರಕ್ಕೆ ನಮ್ಮ ಕಾಲದಲ್ಲಿ ಒಂದು ವ್ಯವಸ್ಥೆಯೇ ಹುಟ್ಟಿಕೊಂಡಿತು. ಅಮೆರಿಕದ ರಾನ್ ಹಾರ್ನ್‌ಬೇಕರ್ 2001ರಲ್ಲಿ ‘ಬುಕ್‌ಕ್ರಾಸಿಂಗ್’ ಎಂಬ ಏರ್ಪಾಡನ್ನು ಆರಂಭಿಸಿದರು. ಪುಸ್ತಕಕ್ಕೊಂದು ಸಂಖ್ಯೆ ಪಡೆದು, ಅದನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಉದ್ಯಾನದ ಬೆಂಚಿನ ಮೇಲೋ ನಿಲ್ದಾಣದಲ್ಲೋ ಬಿಟ್ಟುಬರುವುದು. ಸಿಕ್ಕವರು ಆ ಸಂಖ್ಯೆಯ ಕೆಳಗೆ ತಮ್ಮ ಅಭಿಪ್ರಾಯವನ್ನು ಅಂತರಜಾಲದಲ್ಲಿ ದಾಖಲಿಸಿ, ಪುಸ್ತಕವನ್ನು ಮತ್ತೆ ಲೋಕಕ್ಕೆ ಬಿಡುವುದು. ಇದರದೇ ಇನ್ನೊಂದು ಬಗೆ ಅಂಚೆಯದು. ಓದಬಯಸುವವರ ಪಟ್ಟಿಯೊಂದು ಸಿದ್ಧವಾಗುತ್ತದೆ. ಓದಿ ಮುಗಿಸಿದವರು ಪಟ್ಟಿಯಲ್ಲಿ ತಮ್ಮ ಮುಂದಿರುವವರ ವಿಳಾಸ ಕೇಳಿ, ತಮ್ಮ ಖರ್ಚಿನಲ್ಲೇ ಕಳುಹಿಸುತ್ತಾರೆ. ಊರೂರು ಸುತ್ತಿ ಕೊನೆಗೆ ಒಡೆಯರ ಮನೆಗೇ ಮರಳುವ ಪುಸ್ತಕಕ್ಕೆ ಉಂಗುರವೆಂದೂ, ಮರಳದೆ ಸಾಗುತ್ತಲೇ ಇರುವುದಕ್ಕೆ ಕಿರಣವೆಂದೂ ಅರ್ಥ ಬರುವ ಹೆಸರುಗಳನ್ನು ಇಟ್ಟಿದ್ದಾರೆ. ಇಟ್ಟವರಿಗೆ ಕಾವ್ಯದ ಅಭ್ಯಾಸವಿದ್ದಿರಬೇಕು.

ಬೇರೆ ಪುಸ್ತಕಗಳನ್ನು ಹೀಗೆ ಹಂಚಿಕೊಂಡವರು ಪುಸ್ತಕವನ್ನು ಕೊಟ್ಟರೆ ಸಾಕು. ಪತ್ತೇದಾರಿಯನ್ನು ಹಂಚಿಕೊಳ್ಳುವವರು ಪುಸ್ತಕವನ್ನು ಕೊಡಬೇಕು, ಗುಟ್ಟನ್ನು ಕೊಡಬಾರದು. ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ 1947ರಲ್ಲಿ ಒಂದು ಬಾನುಲಿ ನಾಟಕವಾಗಿ ಮೊದಲು ಬಂದದ್ದು. ರಂಗರೂಪ ತಳೆದು 1952ರಲ್ಲಿ ಲಂಡನ್ನಿಗೆ ಬಂದ ಮೇಲೆ, 2020ರ ಸೋಂಕಿನ ಕಾಲದ ಬಿಡುವನ್ನು ಬಿಟ್ಟರೆ, ಅದು ನಿಂತೇ ಇಲ್ಲ. ಆಟದ ಕೊನೆಗೆ ನಟರೇ ಮುಂದೆ ಬಂದು, ಕೊಲೆಗಾರನ ಗುಟ್ಟನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಬೇಡಿಕೊಳ್ಳುತ್ತಾರೆ. ಯಾರಾದರೂ ಹೇಳಿದರೆ ಶಿಕ್ಷೆಯೇನೂ ಇಲ್ಲ. ಅಲ್ಲಿ ಇರುವುದು ನಂಬಿಕೆಯೊಂದೇ.

ಆ ನಂಬಿಕೆಯನ್ನು ನಾನೇ ಒಮ್ಮೆ ಮುರಿದಿದ್ದೇನೆ. 1960ರ ದಶಕದ ಮಾತು. ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅಲ್ಲಿ ಅತಿ ಹೆಚ್ಚು ಸವೆದ ಪುಸ್ತಕಗಳೆಂದರೆ ಎನ್. ನರಸಿಂಹಯ್ಯನವರವು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡಿದ್ದ ಈ ಮಹನೀಯರು 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಅವರ ಪತ್ತೇದಾರ ಪುರುಷೋತ್ತಮನನ್ನು ವಿಮರ್ಶಕರು ಕಣ್ಣೆತ್ತಿ ನೋಡಲಿಲ್ಲ. ನನ್ನಂಥ ಎಷ್ಟೋ ಹುಡುಗರಿಗೆ ಮಾತ್ರ ಕನ್ನಡವನ್ನು ಒಂದೇ ಉಸಿರಿಗೆ ಓದುವುದನ್ನು ಕಲಿಸಿದವನು ಅವನೇ.

ನನಗಿಂತ ಮುಂಚೆ ಓದಿದವರ ಮುಖವನ್ನು ನಾನು ಕಂಡವನಲ್ಲ. ಆದರೆ ಪುಟದ ಮೂಲೆಯಲ್ಲಿ ಅರಿಶಿನದ ಬೆರಳು, ನಡುವೆ ಮರೆತ ಬಸ್ ಟಿಕೆಟ್ಟು, ಬೀಡಿಯ ವಾಸನೆ, ಇವೆಲ್ಲ ಪರಿಚಿತವಾಗಿದ್ದವು. ಹೀಗೊಂದು ಪುಸ್ತಕದ ಆರಂಭದಲ್ಲೇ, ಒಂದು ಪಾತ್ರದ ಹೆಸರಿನ ಕೆಳಗೆ ಗೆರೆ ಎಳೆದು, “ಕೊಲೆಗಾರ ಇವನೇ” ಎಂದು ಯಾರೋ ಬರೆದಿದ್ದರು. ಬರೆದದ್ದು ನಿಜವೂ ಆಗಿತ್ತು. ಬಾಡಿಗೆಯ ಕಾಸು, ಎರಡು ದಿನದ ಕುತೂಹಲ ಎಲ್ಲ ಮಣ್ಣುಪಾಲು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸುವುದು? ಮುಂದಿನ ವಾರ ತಂದ ಕಾದಂಬರಿಯನ್ನು ಓದಿ ಮುಗಿಸಿ, ಒಂಬತ್ತನೆಯ ಪುಟದಲ್ಲಿ ನೀಲಿ ಮಸಿಯಿಂದ, ದಪ್ಪನೆಯ ಅಕ್ಷರದಲ್ಲಿ ನಾನೂ ಅದನ್ನೇ ಬರೆದೆ. ಹಿಂದಿರುಗಿಸುವಾಗ ಮಾಲೀಕರು ರಟ್ಟನ್ನಷ್ಟೇ ನೋಡಿ, “ಬೇರೆ ಬೇಕೇನಪ್ಪ?” ಎಂದರು. ಬೇಡವೆಂದು ಓಡಿಬಂದೆ.

ಆಮೇಲೆ ಕೆಲವು ತಿಂಗಳು ಆ ಪುಸ್ತಕ ಕಪಾಟಿನಲ್ಲಿ ಕಾಣಲೇ ಇಲ್ಲ. ಯಾವಾಗಲೂ ಯಾರದೋ ಮನೆಯಲ್ಲಿರುತ್ತಿತ್ತು. ಹೊರಗೆ ಹೋದಷ್ಟು ಸಲ ನನಗೆ ಎದೆ ಚುಚ್ಚುತ್ತಿತ್ತು. ಕೊನೆಗೊಂದು ದಿನ ಸಿಕ್ಕಿತು. ಅಲ್ಲೇ ನಿಂತು ಒಂಬತ್ತನೆಯ ಪುಟವನ್ನು ತೆರೆದೆ. ನನ್ನ ಅಕ್ಷರಗಳು ಹಾಗೆಯೇ ಇದ್ದವು. ಅವುಗಳ ಕೆಳಗೆ, ಸಣ್ಣದಾದ ದುಂಡು ಬರಹದಲ್ಲಿ, “ಅಲ್ಲ, ಇವನಲ್ಲ. ಮುಂದೆ ಓದಿ” ಎಂದಿತ್ತು. ಮಾಲೀಕರ ಕೈಬರಹ ನನಗೆ ಗೊತ್ತು, ಅದಲ್ಲ. ಇದನ್ನು ಬರೆದವರು ಕಾದಂಬರಿಯನ್ನು ಕೊನೆಯವರೆಗೂ ಓದಿದ್ದರೆ, ನಾನು ಬರೆದದ್ದು ನಿಜವೆಂದು ತಿಳಿದೇ ಈ ಸುಳ್ಳನ್ನು ಬರೆದಿರಬೇಕು.

ಅದರ ಪಕ್ಕದಲ್ಲಿ ಮೂರನೆಯವರಾರೋ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದ್ದರು.